ಒಂದೇ ಇಳಿಜಾರು, ಮೂರು ವೈನ್

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ ಪುಲಿನ್ಯಿ ಎಂಬ ಚಿಕ್ಕ ಊರಿದೆ. ಊರು ನಿಂತಿರುವುದು ಸಮತಟ್ಟು ನೆಲದಲ್ಲಿ. ಅಂತರ್ಜಲ ತೀರ ಮೇಲೇ ಇರುವುದರಿಂದ ಅಲ್ಲಿ ವೈನ್ ಇಡಲು ಆಳವಾದ ನೆಲಮಾಳಿಗೆ ತೋಡುವುದೂ ಕಷ್ಟ. ಊರಿನಿಂದ ಪಶ್ಚಿಮಕ್ಕೆ, ದ್ರಾಕ್ಷಿ ಸಾಲುಗಳ ನಡುವಿನ ದಾರಿ ಹಿಡಿದು ಗುಡ್ಡದತ್ತ ನಡೆದರೆ ಮೊದಲು ಸಿಗುವುದು ಊರಿನ ಹೆಸರಲ್ಲೇ ಮಾರಾಟವಾಗುವ ವೈನಿನ ತೋಟಗಳು. ನೆಲ ಸ್ವಲ್ಪ ಏರತೊಡಗಿದಂತೆ ಬತಾರ್-ಮೋಂರಾಶೆ ಬರುತ್ತದೆ. ಒಂದು ಕಿರುದಾರಿ ದಾಟಿದರೆ ಮೋಂರಾಶೆ. ಅದರ ಮೇಲಂಚಿನ ಆಚೆಗೆ, ಏರು ಕಡಿದಾಗುವಲ್ಲಿ, ಶೆವಾಲಿಯೆ-ಮೋಂರಾಶೆ. ಇನ್ನೂ ಮೇಲೆ ಹೋದರೆ ಕಲ್ಲು ಮತ್ತು ಕುರುಚಲು ಗಿಡ.

ಈ ಮೂರೂ ತೋಟಗಳನ್ನು ಬುಡದಿಂದ ತುದಿಯವರೆಗೆ ನಡೆದು ಮುಗಿಸಲು ಕಾಲು ಗಂಟೆ ಸಾಕು. ಮೋಂರಾಶೆಯ ವಿಸ್ತೀರ್ಣ 8 ಹೆಕ್ಟೇರಿಗೂ ತುಸು ಕಡಿಮೆ. ಮೂರರಲ್ಲೂ ಇರುವುದು ಶಾರ್ಡನೆ ಎಂಬ ಒಂದೇ ತಳಿ. ಮಳೆ ಬಿದ್ದರೆ ಮೂರಕ್ಕೂ ಬೀಳುತ್ತದೆ, ಬಿಸಿಲು ಬಂದರೆ ಮೂರಕ್ಕೂ ಬರುತ್ತದೆ. ಹೀಗಿದ್ದೂ ಕೆಳಗಿನ ಬತಾರ್ ಮೈತುಂಬಿದ, ದಪ್ಪನೆಯ ವೈನ್ ಕೊಡುತ್ತದೆ. ಮೇಲಿನ ಶೆವಾಲಿಯೆ ತೆಳುವಾಗಿ, ಚುರುಕಾಗಿ, ನಾಜೂಕಾಗಿ ಇರುತ್ತದೆ. ನಡುವಿನ ಮೋಂರಾಶೆಯಲ್ಲಿ ಎರಡೂ ಗುಣ ಕೂಡಿರುತ್ತವೆ. ಜಗತ್ತಿನ ಅತ್ಯಂತ ದುಬಾರಿ ಬಿಳಿ ವೈನ್‌ಗಳ ಸಾಲಿನಲ್ಲಿ ಅದು ನಿಲ್ಲುವುದೂ ಇದೇ ಕಾರಣಕ್ಕೆ.

ಒಂದೇ ಸೀಮೆಯೊಳಗೆ, ಕೂಗಳತೆಯ ದೂರದಲ್ಲಿ, ವೈನ್ ಯಾಕೆ ಹೀಗೆ ಬದಲಾಗುತ್ತದೆ? ಫ್ರೆಂಚರು ಇದಕ್ಕೆ ಟೆರ್ವಾರ್ ಎಂಬ ಪದ ಬಳಸುತ್ತಾರೆ. ನೆಲ, ಅದರ ಓರೆ, ಮಣ್ಣು, ಗಾಳಿ, ಬಿಸಿಲು, ಅಲ್ಲಿ ದುಡಿದವರ ರೂಢಿ ಎಲ್ಲವೂ ಆ ಪದದೊಳಗಿವೆ. ಆದರೆ ವೈನಿನ ಬಗ್ಗೆ ಬರೆಯುವವರು ಈ ಪದ ಬಂದ ಕೂಡಲೇ ಕಾವ್ಯಕ್ಕೆ ಇಳಿದುಬಿಡುತ್ತಾರೆ. ಮಣ್ಣಿನ ರುಚಿಯೇ ಬೇರಿನಿಂದ ಹತ್ತಿ ಲೋಟಕ್ಕೆ ಬಂದಿತು ಎಂಬಂತೆ ಮಾತಾಡುತ್ತಾರೆ. ನನಗೆ ನಿಜವಾದ ಸಂಗತಿ ಅದಕ್ಕಿಂತ ಸೊಗಸಾಗಿ ಕಾಣುತ್ತದೆ. ನೆಲವಾಗಲಿ ಹವೆಯಾಗಲಿ ಹಣ್ಣಿನೊಳಕ್ಕೆ ರುಚಿ ತಂದು ಸುರಿಯುವುದಿಲ್ಲ. ಹಣ್ಣು ಎಷ್ಟು ಬೇಗ, ಎಷ್ಟು ನೀರು ಕುಡಿದು, ಎಂಥ ರಾತ್ರಿಗಳನ್ನು ಕಳೆದು ಮಾಗಬೇಕು ಎಂಬುದನ್ನು ಅವು ಗೊತ್ತುಮಾಡುತ್ತವೆ. ಉಳಿದದ್ದೆಲ್ಲ ಅದರಿಂದ ಹುಟ್ಟುವಂಥದು.

ಕನ್ನಡದಲ್ಲಿ ಹಣ್ಣಾಗುವ ಹಂತಗಳಿಗೆ ಒಳ್ಳೆಯ ಪದಗಳಿವೆ. ಹೀಚು, ಕಾಯಿ, ದೋರೆಗಾಯಿ, ಹಣ್ಣು. ಬರ್ಗಂಡಿಯಲ್ಲಿ ಬಳ್ಳಿ ಹೂ ಬಿಡುವುದು ಸಾಮಾನ್ಯವಾಗಿ ಜೂನ್ ಹೊತ್ತಿಗೆ. ಅಲ್ಲಿಂದ ಕೊಯ್ಲಿಗೆ ಸುಮಾರು 100 ದಿನ ಎಂಬುದು ಅಲ್ಲಿನ ರೈತರ ಹಳೆಯ ಲೆಕ್ಕ. ಈ ನೂರು ದಿನದಲ್ಲಿ ನಿರ್ಣಾಯಕವಾದದ್ದು ದೋರೆಗಾಯಿಯ ಹೊತ್ತು. ಅಲ್ಲಿಯವರೆಗೆ ಗಟ್ಟಿಯಾಗಿ, ಹಸಿರಾಗಿ, ಹಲ್ಲು ಜುಮ್ಮೆನ್ನುವಷ್ಟು ಹುಳಿಯಾಗಿದ್ದ ಕಾಯಿ ಮೆತ್ತಗಾಗುತ್ತದೆ. ಕೆಂಪು ತಳಿಯಾದರೆ ಬಣ್ಣ ಹತ್ತುತ್ತದೆ. ಬಳ್ಳಿ ಎಲೆಯಲ್ಲಿ ತಯಾರಿಸಿದ ಸಕ್ಕರೆಯನ್ನು ಗೊಂಚಲಿಗೆ ಕಳಿಸತೊಡಗುತ್ತದೆ.

ಇಲ್ಲಿಂದ ಮುಂದೆ ಹಣ್ಣಿನೊಳಗೆ ಎರಡು ಗಡಿಯಾರ ಓಡುತ್ತವೆ ಅಂದುಕೊಳ್ಳಿ. ಒಂದು ಸಕ್ಕರೆ ಮತ್ತು ಹುಳಿಯದು. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ವೈನಿನಲ್ಲಿ ಶೇಕಡಾ 1ರಷ್ಟು ಆಲ್ಕೋಹಾಲ್ ಆಗುತ್ತದೆ. 220 ಗ್ರಾಂ ಇದ್ದರೆ ಶೇಕಡಾ 13ರ ಆಸುಪಾಸು. ಇನ್ನೊಂದು ಗಡಿಯಾರ ಘಮ, ಬಣ್ಣ ಮತ್ತು ಒಗರಿನದು. ಸಿಪ್ಪೆಯಲ್ಲಿ ಪರಿಮಳದ ವಸ್ತುಗಳು ಕೂಡಿಕೊಳ್ಳಬೇಕು, ಬೀಜ ಹಸಿರಿನಿಂದ ಕಂದಾಗಬೇಕು, ಬಾಯಿ ಕಟ್ಟುವ ಒಗರು ಮೃದುವಾಗಬೇಕು. ಸಕ್ಕರೆಯ ಗಡಿಯಾರ ಬಿಸಿಲಿದ್ದಷ್ಟೂ ಜೋರಾಗಿ ಓಡುತ್ತದೆ. ಘಮದ ಗಡಿಯಾರ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ, ಅದಕ್ಕೆ ದಿನಗಳು ಬೇಕು.

ಬಿಸಿ ಹೆಚ್ಚಾದ ಕಡೆ ಸಕ್ಕರೆ ಮುಂದೆ ಓಡಿ ಘಮ ಹಿಂದೆ ಬೀಳುತ್ತದೆ. ಬೇಗ ಕೊಯ್ದರೆ ಒಗರು ಉಳಿಯುತ್ತದೆ, ಕಾದರೆ ವೈನ್ ತಲೆಗೇರುವಷ್ಟು ಗಡುಸಾಗಿ ಹುಳಿಯಿಲ್ಲದೆ ಸಪ್ಪೆಯಾಗುತ್ತದೆ. ತೀರ ಚಳಿಯಿದ್ದರೆ ಎರಡೂ ಗಡಿಯಾರ ಮುಟ್ಟಬೇಕಾದಲ್ಲಿ ಮುಟ್ಟುವ ಮೊದಲೇ ಶರತ್ಕಾಲದ ಮಳೆ ಶುರುವಾಗುತ್ತದೆ. ಒಳ್ಳೆಯ ಜಾಗ ಎಂದರೆ ಎರಡೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಹದಕ್ಕೆ ಬರುವ ಜಾಗ.

ಹುಳಿಯ ವಿಷಯದಲ್ಲಿ ರಾತ್ರಿಯ ಪಾತ್ರ ದೊಡ್ಡದು. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳಿವೆ. ಟಾರ್ಟಾರಿಕ್ ಆಮ್ಲ ಹೆಚ್ಚು ಕದಲುವುದಿಲ್ಲ. ಹಸಿರು ಸೇಬಿನ ಹುಳಿಗೆ ಕಾರಣವಾದ ಮ್ಯಾಲಿಕ್ ಆಮ್ಲವನ್ನು ಮಾತ್ರ ಹಣ್ಣು ಉಸಿರಾಡುತ್ತ ಉಸಿರಾಡುತ್ತ ಸುಟ್ಟುಕೊಳ್ಳುತ್ತದೆ, ಬಿಸಿಯಿದ್ದಷ್ಟೂ ಬೇಗ. ಹಗಲು ಬೆಚ್ಚಗಿದ್ದು ರಾತ್ರಿ ತಂಪಾಗುವ ಕಡೆ ಸಕ್ಕರೆಯೂ ಕೂಡುತ್ತದೆ, ಹುಳಿಯೂ ಉಳಿಯುತ್ತದೆ. ಎತ್ತರದ ತೋಟಗಳ ಗುಟ್ಟು ಇದೇ. ಪ್ರತಿ 100 ಮೀಟರ್ ಏರಿಗೆ ತಾಪಮಾನ ಸರಾಸರಿ 0.6 ಡಿಗ್ರಿಯಷ್ಟು ಇಳಿಯುತ್ತದೆ. ಅರ್ಜೆಂಟೀನಾದ ಮೆಂಡೋಸಾದಲ್ಲಿ ಹೊಸ ತೋಟಗಳು ಆಂಡಿಸ್ ಪರ್ವತದ ಕಡೆಗೆ ಸಾವಿರ ಮೀಟರಿಗೂ ಮೇಲೆ ಹತ್ತಿಹೋದದ್ದು ಈ ತಂಪನ್ನು ಹುಡುಕಿಕೊಂಡೇ.

ಮತ್ತೆ ಪುಲಿನ್ಯಿಯ ಇಳಿಜಾರಿಗೆ ಬರೋಣ. ಅಲ್ಲಿ ಎತ್ತರದ ವ್ಯತ್ಯಾಸ ಐವತ್ತು ಅರವತ್ತು ಮೀಟರಷ್ಟೇ, ಅದೊಂದೇ ಇಷ್ಟು ಮಾಡಲಾರದು. ಅಲ್ಲಿ ಹೆಚ್ಚು ಕೆಲಸ ಮಾಡುವುದು ನೀರು.

ಸುಮಾರು 15ರಿಂದ 18 ಕೋಟಿ ವರ್ಷಗಳ ಹಿಂದೆ ಇಡೀ ಸೀಮೆ ಆಳವಿಲ್ಲದ ಬೆಚ್ಚನೆಯ ಸಮುದ್ರವಾಗಿತ್ತು. ಚಿಪ್ಪು, ಕೆಸರು, ಸುಣ್ಣ ಪದರಪದರವಾಗಿ ಕೂತು ಸುಣ್ಣಕಲ್ಲಾಯಿತು. ಅದರ ನಡುನಡುವೆ ಸುಣ್ಣ ಬೆರೆತ ಜೇಡಿಮಣ್ಣಿನ ಪದರಗಳು. ಬಹಳ ಕಾಲದ ಮೇಲೆ, ಸುಮಾರು 3 ಕೋಟಿ ವರ್ಷಗಳ ಹಿಂದೆ, ಪೂರ್ವದಲ್ಲಿ ಸೋನ್ ನದಿಯ ಕಡೆಯ ನೆಲ ಬಿರಿದು ಕುಸಿಯಿತು. ಕುಸಿಯದೆ ಉಳಿದ ಅಂಚೇ ಇವತ್ತಿನ ಕೋತ್ ದೋರ್. ದಿಜೋಂ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ, ಬೆಳಗಿನ ಸೂರ್ಯನಿಗೆ ಮುಖ ಮಾಡಿದ ಸಣಕಲು ಗುಡ್ಡದ ಪಟ್ಟಿ ಅದು. ಬಿರುಕು ಬಿಟ್ಟಾಗ ಪದರಗಳು ಒಂದೇ ಮಟ್ಟದಲ್ಲಿ ಉಳಿಯಲಿಲ್ಲ, ತುಂಡುತುಂಡಾಗಿ ಜಾರಿದವು. ಹಾಗಾಗಿ ನೂರು ಮೀಟರ್ ನಡೆದರೆ ಕಾಲ ಕೆಳಗಿನ ಕಲ್ಲು ಬದಲಾಗಿರುತ್ತದೆ.

ಅದರ ಮೇಲೆ ಮಳೆ ತನ್ನ ಕೆಲಸ ಮಾಡಿದೆ. ಸಾವಿರಾರು ವರ್ಷ ತುದಿಯ ಮಣ್ಣನ್ನು ತೊಳೆದು ಬುಡಕ್ಕೆ ತಂದು ಹಾಕಿದೆ. ತುದಿಯಲ್ಲಿ ಮಣ್ಣು ಗೇಣುದ್ದವೂ ಇಲ್ಲದ ಜಾಗಗಳಿವೆ, ಕೆಳಗೆಲ್ಲ ಒಡೆದ ಬಂಡೆ. ಬುಡದಲ್ಲಿ ಕಂದು ಬಣ್ಣದ ಆಳವಾದ ಮಣ್ಣು, ಜೇಡಿಯಂಶ ಹೆಚ್ಚು, ನೀರು ನಿಲ್ಲುತ್ತದೆ. ನಡು ಇಳಿಜಾರಿನಲ್ಲಿ ಎರಡೂ ಬೇಕಾದಷ್ಟಿದೆ. ನೀರು ಹಿಡಿಯುವಷ್ಟು ಜೇಡಿ, ಮಿಕ್ಕಿದ್ದು ಬಸಿದುಹೋಗುವಷ್ಟು ಕಲ್ಲು. ಬರ್ಗಂಡಿಯ ಗ್ರಾಂ ಕ್ರೂ ಎಂಬ ಅತ್ಯುನ್ನತ ದರ್ಜೆಯ ತೋಟಗಳು ಬಹುಪಾಲು ಸಮುದ್ರಮಟ್ಟದಿಂದ 250ರಿಂದ 300 ಮೀಟರ್ ಎತ್ತರದ ಈ ನಡುಪಟ್ಟಿಯಲ್ಲೇ ಸಾಲಾಗಿ ಕೂತಿರುವುದು ಕಾಕತಾಳೀಯವಲ್ಲ.

ನೀರು ವೈನನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ವಿಷಯದ ತಿರುಳು ಇಲ್ಲಿದೆ. ದ್ರಾಕ್ಷಿಬಳ್ಳಿ ಮೂಲತಃ ಮರ ಹತ್ತುವ ಕಾಡುಬಳ್ಳಿ. ನೀರು, ಗೊಬ್ಬರ ಧಾರಾಳವಾಗಿ ಸಿಕ್ಕರೆ ಅದು ಚಿಗುರುತ್ತಲೇ ಹೋಗುತ್ತದೆ. ತಯಾರಾದ ಸಕ್ಕರೆಯೆಲ್ಲ ಹೊಸ ಎಲೆ, ಹೊಸ ಕುಡಿಗೆ ಖರ್ಚಾಗುತ್ತದೆ. ದೋರೆಗಾಯಿಯ ಹೊತ್ತಿಗೆ ಮಣ್ಣು ನಿಧಾನವಾಗಿ ಒಣಗತೊಡಗಿದರೆ ಬೇರಿಗೆ ಅದರ ಸುಳಿವು ಸಿಗುತ್ತದೆ, ಅಲ್ಲಿಂದ ಎಲೆಗಳಿಗೆ ಸಂದೇಶ ಹೋಗುತ್ತದೆ. ಕುಡಿ ಬೆಳೆಯುವುದು ನಿಲ್ಲುತ್ತದೆ. ಸಕ್ಕರೆ ಗೊಂಚಲಿಗೆ ತಿರುಗುತ್ತದೆ. ಕಾಯಿ ಸಣ್ಣದಾಗಿಯೇ ಉಳಿಯುತ್ತದೆ.

ಕಾಯಿ ಸಣ್ಣದಾದರೆ ಏನಾಯಿತು? 12 ಮಿಲಿಮೀಟರ್ ಅಗಲದ ಒಂದು ದ್ರಾಕ್ಷಿಯನ್ನೂ 10 ಮಿಲಿಮೀಟರಿನ ಒಂದನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ. ಸಣ್ಣದರಲ್ಲಿ ಅಷ್ಟೇ ರಸಕ್ಕೆ ಶೇಕಡಾ 20ರಷ್ಟು ಹೆಚ್ಚು ಸಿಪ್ಪೆ. ಬಣ್ಣ, ಒಗರು, ಘಮದ ಬಹುಪಾಲು ಸಿಪ್ಪೆಯಲ್ಲೇ ಇರುವುದರಿಂದ ಕೆಂಪು ವೈನಿನ ಗಾತ್ರ ಗಾಂಭೀರ್ಯವೆಲ್ಲ ಈ ಎರಡು ಮಿಲಿಮೀಟರಿನಲ್ಲಿ ಹೆಚ್ಚುಕಡಿಮೆಯಾಗುತ್ತದೆ. ನೀರು ಪೂರ್ತಿ ಇಲ್ಲವಾದರೂ ಕಷ್ಟವೇ. ಬಳ್ಳಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಸುಮ್ಮನಾಗುತ್ತದೆ, ಹಣ್ಣು ಮಾಗದೆ ಮುದುಡುತ್ತದೆ. ಬೇಕಾದದ್ದು ಹಿತಮಿತವಾದ ಬಾಯಾರಿಕೆ.

ಫ್ರಾನ್ಸಿನ ಇನ್ನೊಂದು ವೈನ್ ಸೀಮೆಯಾದ ಬೋರ್ಡೋದಲ್ಲಿ ಜೆರಾರ್ ಸೆಗಾಂ ಎಂಬ ವಿಜ್ಞಾನಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ಹೆಸರಾಂತ ತೋಟಗಳ ಮಣ್ಣನ್ನು ಅಭ್ಯಾಸ ಮಾಡಿದಾಗ ಕಂಡದ್ದೂ ಇದೇ. ಒಂದು ತೋಟದಲ್ಲಿ ಬೆಣಚುಕಲ್ಲಿನ ಗರಸು, ಇನ್ನೊಂದರಲ್ಲಿ ಅಂಟು ಜೇಡಿ, ಮತ್ತೊಂದರಲ್ಲಿ ಸುಣ್ಣಕಲ್ಲು. ಮಣ್ಣಿನ ರಾಸಾಯನಿಕ ಗುಣದಲ್ಲಿ ಅವುಗಳ ನಡುವೆ ಹೋಲಿಕೆಯಿಲ್ಲ. ಹೋಲಿಕೆಯಿದ್ದದ್ದು ಬಳ್ಳಿಗೆ ನೀರು ಒದಗಿಸುವ ರೀತಿಯಲ್ಲಿ, ಅತಿಯೂ ಆಗದಂತೆ ಕೊರತೆಯೂ ಆಗದಂತೆ. ಆ ಸೀಮೆಯ ತಳಿ ಹಂಚಿಕೆಯನ್ನೂ ಇದೇ ವಿವರಿಸುತ್ತದೆ. ಮೆದೋಕ್‌ನ ಗರಸುನೆಲ ಬೇಗ ಬಸಿಯುತ್ತದೆ, ಬೇಗ ಬೆಚ್ಚಗಾಗುತ್ತದೆ. ತಡವಾಗಿ ಮಾಗುವ ಕಾಬರ್ನೆ ಸೋವಿನ್ಯೋಂ ಅಲ್ಲಿ ಹದಕ್ಕೆ ಬರುತ್ತದೆ. ನದಿಯಾಚೆಯ ಪೊಮೆರೋಲ್‌ನ ತಣ್ಣನೆಯ ಜೇಡಿಯಲ್ಲಿ ಅದು ಪರದಾಡುತ್ತದೆ, ಬೇಗ ಮಾಗುವ ಮೆರ್ಲೋಗೆ ಅದೇ ನೆಲ ತವರು.

ಹಾಗಾದರೆ ವೈನಿನಲ್ಲಿ ಕಲ್ಲಿನ ರುಚಿ, ಖನಿಜದ ರುಚಿ ಎಂದೆಲ್ಲ ಹೇಳುವುದು? ಬರ್ಗಂಡಿಯ ಉತ್ತರದ ತುದಿಯಲ್ಲಿರುವ ಶಾಬ್ಲಿಯ ಬಗ್ಗೆ ಈ ಮಾತು ಬಹಳ. ಅಲ್ಲಿನ ಮಣ್ಣನ್ನು ಕೈಗೆತ್ತಿಕೊಂಡರೆ ಉಗುರಿನಷ್ಟು ಚಿಕ್ಕ, ಕೊಕ್ಕೆಯಂತೆ ಬಾಗಿದ ಸಿಂಪಿ ಚಿಪ್ಪುಗಳು ಕಲ್ಲಾಗಿ ಅಂಟಿಕೊಂಡಿರುವುದು ಬರಿಗಣ್ಣಿಗೆ ಕಾಣುತ್ತದೆ, ಸುಮಾರು 15 ಕೋಟಿ ವರ್ಷ ಹಳೆಯವು. ಶಾಬ್ಲಿ ವೈನಿನಲ್ಲಿ ಕಡಲಿನ ಉಪ್ಪಿನ ನೆನಪಿದೆ ಎಂದು ಕುಡಿದವರು ಹೇಳುತ್ತಾರೆ. ಎರಡನ್ನೂ ಜೋಡಿಸುವ ಆಸೆ ಸಹಜ. ಆದರೆ ಕಲ್ಲಿಗೆ ವಾಸನೆಯಿಲ್ಲ, ಅದು ನೀರಿನಲ್ಲಿ ಕರಗುವುದೂ ಬಹಳ ಕಡಿಮೆ. ಬೇರು ಹೀರುವುದು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಅಯಾನುಗಳನ್ನು, ಅದೂ ತನಗೆ ಬೇಕಾದಷ್ಟನ್ನು ಆರಿಸಿ. ಚಿಪ್ಪಿನ ರುಚಿ ಆ ದಾರಿಯಲ್ಲಿ ಲೋಟಕ್ಕೆ ಬರಲಾರದು. ತಂಪು ಹವೆಯಲ್ಲಿ ಉಳಿದ ಹುಳಿ, ಹಣ್ಣಿನ ಘಮ ಅಬ್ಬರಿಸದೆ ಹಿಂದೆ ನಿಂತಿರುವುದು, ಹುದುಗುವಾಗ ಹುಟ್ಟುವ ಕೆಲವು ಗಂಧಕದ ಸಂಯುಕ್ತಗಳು, ಇವುಗಳ ಕೂಟಕ್ಕೆ ನಾಲಗೆ ಕಲ್ಲಿನ ಹೆಸರು ಕೊಡುತ್ತದೆ ಎನ್ನುವುದು ಹೆಚ್ಚು ನಂಬುವಂಥ ವಿವರಣೆ. ಆ ಚಿಪ್ಪುಮಣ್ಣು ಮಾಡುವ ಕೆಲಸ ನೀರನ್ನು ಹಿಡಿದು ಬಿಡುವುದು. ಅದು ಸಣ್ಣ ಕೆಲಸವೇನೂ ಅಲ್ಲ.

ಬಿಸಿಲಿನ ಮಾತಿಗೆ ಬಂದರೆ, ಧ್ರುವಕ್ಕೆ ಹತ್ತಿರವಾದಂತೆ ನೆಲದ ಓರೆಗೆ ಬೆಲೆ ಜಾಸ್ತಿ. ಜರ್ಮನಿಯ ಮೋಸೆಲ್ ಕಣಿವೆ ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೆಪ್ಟೆಂಬರ್ 23ರ ಸುಮಾರಿಗೆ, ರೀಸ್ಲಿಂಗ್ ದ್ರಾಕ್ಷಿ ಮಾಗುತ್ತಿರುವಾಗ, ಅಲ್ಲಿ ನಡುಮಧ್ಯಾಹ್ನದ ಸೂರ್ಯ ಬರೀ 40 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಮನೆಲಕ್ಕೆ ನೇರ ಬಿಸಿಲಿನ ಶೇಕಡಾ 64ರಷ್ಟು ಮಾತ್ರ ದಕ್ಕುತ್ತದೆ. ದಕ್ಷಿಣಕ್ಕೆ 30 ಡಿಗ್ರಿ ಓರೆಯಾದ ಇಳಿಜಾರಿಗೆ ಶೇಕಡಾ 94, ಹತ್ತಿರಹತ್ತಿರ ಒಂದೂವರೆ ಪಟ್ಟು. ಹಾಗಾಗಿ ಹಾವಿನಂತೆ ಹೊರಳುವ ಆ ನದಿಯ ಯಾವ ದಡ ದಕ್ಷಿಣಕ್ಕೆ ಮುಖ ಮಾಡಿದೆಯೋ ಅಲ್ಲೇ ಶ್ರೇಷ್ಠ ತೋಟಗಳು. ಬ್ರೆಮ್ ಎಂಬ ಹಳ್ಳಿಯ ಕಾಲ್ಮೋಂಟ್ ಇಳಿಜಾರು ಕೆಲವೆಡೆ 60 ಡಿಗ್ರಿಗೂ ಮಿಕ್ಕಿ ಕಡಿದು. ಅಲ್ಲಿ ಕೆಲಸ ಮಾಡುವುದೆಂದರೆ ಅರ್ಧ ಬಂಡೆ ಹತ್ತಿದ ಹಾಗೆ. ಕಪ್ಪು ಸ್ಲೇಟು ಕಲ್ಲಿನ ಚೂರುಗಳು ಹಗಲಿಡೀ ಕಾದು ಸಂಜೆ ಬಳ್ಳಿಗೆ ಬೆಚ್ಚನೆ ಹಿಂದಿರುಗಿಸುತ್ತವೆ.

ಇನ್ನು ಗಾಳಿ. ಹವೆ ಎಂದರೆ ಮೇಲಿನಿಂದ ಸಮನಾಗಿ ಬಂದು ಕೂರುವಂಥದು ಎಂದು ನಾವು ಭಾವಿಸುತ್ತೇವೆ. ತೋಟದಲ್ಲಿ ಅದು ನೀರಿನಂತೆ ಹರಿಯುತ್ತದೆ. ಮೋಡವಿಲ್ಲದ ವಸಂತದ ರಾತ್ರಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ಜಾರುತ್ತ ತಗ್ಗಿನಲ್ಲಿ ಮಡುಗಟ್ಟುತ್ತದೆ. ನಡು ಇಳಿಜಾರಿನ ಬಳ್ಳಿ ಬದುಕಿದ ರಾತ್ರಿಯೇ ಬುಡದ ಬಳ್ಳಿ ಸುಟ್ಟುಹೋಗಬಹುದು. ಕೋತ್ ದೋರ್ ಗುಡ್ಡವನ್ನು ಅಲ್ಲಲ್ಲಿ ಸೀಳಿರುವ ಒಣ ಕಮರಿಗಳು ಹಿಂದಿನ ಎತ್ತರದ ತಂಪನ್ನು ರಾತ್ರಿ ಕೆಳಕ್ಕೆ ಹರಿಸುವ ಕಾಲುವೆಗಳಂತೆ ಕೆಲಸ ಮಾಡುತ್ತವೆ. ಕಮರಿಯ ಬಾಯಿಗೆ ನೇರವಾಗಿರುವ ತೋಟದ ಹಣ್ಣು ಪಕ್ಕದ ತೋಟಕ್ಕಿಂತ ಕೆಲವು ದಿನ ತಡ.

ಶಾಬ್ಲಿಯಲ್ಲಿ ಇಬ್ಬನಿ ಹಿಮವಾಗಿ ಹೆಪ್ಪುಗಟ್ಟುವ ಏಪ್ರಿಲ್ ರಾತ್ರಿಗಳಲ್ಲಿ ನಡೆಯುವ ಕೆಲಸ ನನ್ನನ್ನು ಯಾವಾಗಲೂ ಬೆರಗುಗೊಳಿಸಿದೆ. ತಾಪಮಾನ ಸೊನ್ನೆಗಿಂತ ಕೆಳಕ್ಕೆ ಇಳಿಯುವ ಸೂಚನೆ ಸಿಕ್ಕ ಕೂಡಲೇ ಕೆಲವು ತೋಟಗಳಲ್ಲಿ ಚಿಗುರಿನ ಮೇಲೆ ನೀರು ಚಿಮುಕಿಸತೊಡಗುತ್ತಾರೆ. ನೀರು ಚಿಗುರಿನ ಸುತ್ತ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವ ಪ್ರತಿ ಗ್ರಾಂ ನೀರೂ 334 ಜೂಲ್ ಶಾಖ ಬಿಡುತ್ತದೆ, ಆ ಶಾಖವೇ ಒಳಗಿನ ಹಸಿರು ಮೊಗ್ಗನ್ನು ಸೊನ್ನೆಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಹೊಸ ನೀರು ಬೀಳುತ್ತಲೇ ಇರಬೇಕು, ಬಿಸಿಲೇರಿ ಕರಗುವವರೆಗೂ. ನಡುವೆ ಪಂಪು ನಿಂತರೆ ಒದ್ದೆ ಮೊಗ್ಗಿಗೆ ಹೆಚ್ಚು ಹಾನಿ. ನೀರಿನ ವ್ಯವಸ್ಥೆಯಿಲ್ಲದವರು ಸಾಲುಗಳ ನಡುವೆ ನೂರಾರು ದೊಡ್ಡ ಮೇಣದ ಡಬ್ಬಿಗಳನ್ನು ಹಚ್ಚಿಡುತ್ತಾರೆ. ಸೆರಾಂ ನದಿಯ ಬಲದಂಡೆಯಲ್ಲಿ, ನೈಋತ್ಯಕ್ಕೆ ಮುಖ ಮಾಡಿದ ಒಂದೇ ಇಳಿಜಾರಿನಲ್ಲಿ ಶಾಬ್ಲಿಯ ಏಳು ಗ್ರಾಂ ಕ್ರೂ ತೋಟಗಳೂ ಸಾಲಾಗಿವೆ. ಇಷ್ಟು ಉತ್ತರದಲ್ಲಿ ಮಧ್ಯಾಹ್ನದ ಬಿಸಿಲು ನೇರವಾಗಿ ಹೊಡೆಯುವ ಜಾಗ ಎಂದೇ ಅವುಗಳಿಗೆ ಆ ದರ್ಜೆ.

ಗಾಳಿಯ ಹರಿವು ಭೂಪಟದ ತರ್ಕವನ್ನೇ ತಲೆಕೆಳಗು ಮಾಡುವುದನ್ನು ನೋಡಬೇಕೆಂದರೆ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ ಹೋಗಬೇಕು. ಸುಮಾರು 50 ಕಿಲೋಮೀಟರ್ ಉದ್ದದ ಕಣಿವೆ. ಉತ್ತರಾರ್ಧಗೋಳದಲ್ಲಿ ಉತ್ತರಕ್ಕೆ ಹೋದಂತೆ ಚಳಿ ಹೆಚ್ಚಬೇಕು ತಾನೆ? ನಾಪಾದಲ್ಲಿ ದಕ್ಷಿಣದ ತುದಿ ತಂಪು, ಉತ್ತರದ ತುದಿ ಬಿಸಿ. ದಕ್ಷಿಣದಲ್ಲಿ ಸಾನ್ ಪಾಬ್ಲೋ ಕೊಲ್ಲಿಯಿದೆ. ಕ್ಯಾಲಿಫೋರ್ನಿಯಾದ ತೀರದ ಪೆಸಿಫಿಕ್ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗೆ. ಒಳನಾಡು ಕಾದು ಅಲ್ಲಿನ ಗಾಳಿ ಮೇಲೇರಿದಾಗ ಕಡಲಿನ ತಂಪು ಗಾಳಿ ಮಂಜನ್ನು ಹೊತ್ತುಕೊಂಡು ಕೊಲ್ಲಿಯ ಮೂಲಕ ಒಳನುಗ್ಗುತ್ತದೆ. ಬಾಗಿಲಿನಲ್ಲೇ ಇರುವ ಕಾರ್ನೆರೋಸ್‌ಗೆ ಅದು ಮೊದಲು ಬರುತ್ತದೆ, ಕೊನೆಗೆ ಹೋಗುತ್ತದೆ. ಒಳಗಿನ ಕ್ಯಾಲಿಸ್ಟೋಗಾ ತಲುಪುವಷ್ಟರಲ್ಲಿ ಅದರ ಶಕ್ತಿ ಉಡುಗಿರುತ್ತದೆ. ಹೀಗಾಗಿ ಕಾರ್ನೆರೋಸ್‌ನಲ್ಲಿ ತಂಪು ಬಯಸುವ ಪಿನೋ ನ್ವಾರ್, ಶಾರ್ಡನೆ ಬೆಳೆಯುತ್ತವೆ, ಕ್ಯಾಲಿಸ್ಟೋಗಾದಲ್ಲಿ ಬಿಸಿಲು ಬಯಸುವ ಕಾಬರ್ನೆ.

ಅದೇ ಕಣಿವೆಯ ಪಕ್ಕದ ಹವೆಲ್ ಮೌಂಟನ್ ಇನ್ನೊಂದು ಪಾಠ. ಆ ಹೆಸರಿನಲ್ಲಿ ವೈನ್ ಮಾರಬೇಕಾದರೆ ತೋಟ 1,400 ಅಡಿಗಿಂತ ಮೇಲಿರಬೇಕು ಎಂದು 1983ರಲ್ಲಿ ಗಡಿ ಹಾಕಲಾಯಿತು, ಮಂಜಿನ ಪದರ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ಕೆಳಗೆ ಕಣಿವೆ ಮಂಜಿನಲ್ಲಿ ಮುಳುಗಿರುವ ಬೆಳಗಿನಲ್ಲಿ ಮೇಲೆ ಸ್ವಚ್ಛ ಬಿಸಿಲು. ರಾತ್ರಿ ಕೆಳಗಿಗಿಂತ ಬೆಚ್ಚಗೆ, ಮಧ್ಯಾಹ್ನ ಕೆಳಗಿಗಿಂತ ತಂಪು. ಎತ್ತರಕ್ಕೆ ಹೋದರೆ ತಂಪು ಎಂದು ಮೇಲೆ ಹೇಳಿದ ಲೆಕ್ಕ ಇಲ್ಲಿ ಅರ್ಧ ದಿನ ಮಾತ್ರ ಸರಿ.

ಮಂಜು ಒಂದು ವೈನನ್ನೇ ಸೃಷ್ಟಿಸಿದ ಜಾಗವೂ ಇದೆ. ಬೋರ್ಡೋದ ದಕ್ಷಿಣಕ್ಕೆ ಸಿರೋಂ ಎಂಬ ಹೊಳೆ ಮರಗಳ ನೆರಳಿನಲ್ಲಿ ತಣ್ಣಗೆ ಹರಿದು ಬಂದು ಬೆಚ್ಚಗಿನ ಗರೋನ್ ನದಿಗೆ ಸೇರುತ್ತದೆ. ಶರತ್ಕಾಲದ ಬೆಳಗಿನಲ್ಲಿ ಆ ಸಂಗಮದ ಸುತ್ತ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲಿಗೆ ಒಣಗುತ್ತದೆ. ಆ ತೇವದಲ್ಲಿ ಬೋಟ್ರೈಟಿಸ್ ಎಂಬ ಬೂಷ್ಟು ದ್ರಾಕ್ಷಿಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ರಂಧ್ರ ಕೊರೆಯುತ್ತದೆ, ಬಿಸಿಲಿಗೆ ಅಲ್ಲಿಂದ ನೀರು ಆರುತ್ತದೆ. ತೇವ ದಿನವಿಡೀ ಇದ್ದಿದ್ದರೆ ಗೊಂಚಲು ಕೊಳೆಯುತ್ತಿತ್ತು. ಹೀಗೆ ಒಣದ್ರಾಕ್ಷಿಯಂತೆ ಮುದುಡಿದ ಹಣ್ಣಿನಿಂದಲೇ ಸೋತೆರ್ನ್‌ನ ಜೇನಿನಂಥ ಸಿಹಿ ವೈನ್ ಆಗುವುದು.

ಇದೆಲ್ಲ ಕುಡಿಯುವವರ ಕಲ್ಪನೆ ಇರಬಹುದೇ ಎಂಬ ಸಂಶಯ ಬರಬಹುದು, ಬರಬೇಕಾದದ್ದೇ. ಅದಕ್ಕೆ ಅಳೆದು ತೋರಿಸಬಹುದಾದ ಒಂದು ಉತ್ತರವಿದೆ. ಶಿರಾಜ್ ಎಂಬ ಕೆಂಪು ತಳಿಯ ವೈನಿನಲ್ಲಿ ಕರಿಮೆಣಸಿನ ಘಮ ಬರುತ್ತದೆ. ಅದು ರೋಟಂಡೋನ್ ಎಂಬ ಒಂದೇ ವಸ್ತುವಿನಿಂದ ಎಂದು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ನಿಜವಾದ ಕರಿಮೆಣಸಿನ ವಾಸನೆಗೂ ಅದೇ ಕಾರಣ. ಮುಂದೆ ವಿಕ್ಟೋರಿಯಾ ರಾಜ್ಯದ ಗ್ರಾಂಪಿಯನ್ಸ್ ಸೀಮೆಯ ಒಂದೇ ತೋಟದಲ್ಲಿ ಬಳ್ಳಿಬಳ್ಳಿಯ ಹಣ್ಣು ಅಳೆದಾಗ ಈ ವಸ್ತುವಿನ ಪ್ರಮಾಣ ನೆಲದ ಏರಿಳಿತಕ್ಕೆ ತಕ್ಕಂತೆ ಬದಲಾಗಿತ್ತು. ದಕ್ಷಿಣಾರ್ಧಗೋಳದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮಗ್ಗುಲು ತಂಪು, ಮೆಣಸಿನ ಘಮ ಹೆಚ್ಚಿದ್ದದ್ದೂ ಅಲ್ಲೇ. ಒಂದು ಬೇಲಿಯೊಳಗೆ, ಒಂದೇ ತಳಿಯಲ್ಲಿ, ಬಿಸಿಲಿನ ಕೋನವೊಂದು ಘಮವನ್ನು ಏರಿಸಿ ಇಳಿಸಿದೆ.

ಬರ್ಗಂಡಿಯ ಸನ್ಯಾಸಿಗಳ ಬಳಿ ಇಂಥ ಉಪಕರಣಗಳಿರಲಿಲ್ಲ. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದವರು ಶತಮಾನಗಳ ಕಾಲ ಗುಡ್ಡದ ತುಂಡುತುಂಡನ್ನೂ ಬೇರೆಬೇರೆಯಾಗಿ ಕೊಯ್ದು ನೋಡಿದರು. ಎಲ್ಲಿ ಹಿಮ ಮೊದಲು ಕರಗುತ್ತದೆ, ಎಲ್ಲಿ ಮಳೆ ನಿಂತ ಮರುದಿನವೂ ಕಾಲು ಹೂಳುತ್ತದೆ ಎಂಬ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ದಾಟಿತು. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಹೆಚ್ಚು ಇಳುವರಿಯ ಗಾಮೆ ತಳಿಯನ್ನು ಕಿತ್ತುಹಾಕುವಂತೆ ಆಜ್ಞೆ ಹೊರಡಿಸಿದ, ಕೆಂಪು ವೈನಿಗೆ ಪಿನೋ ನ್ವಾರ್ ಉಳಿಯಿತು. ಗಾಮೆಗೆ ದಕ್ಷಿಣದ ಬೋಜೊಲೆಯ ಗ್ರಾನೈಟ್ ನೆಲ ಒಗ್ಗಿತು. ತಳಿ ಒಂದೇ ಆದಮೇಲೆ ಉಳಿದ ವ್ಯತ್ಯಾಸವೆಲ್ಲ ಜಾಗದ್ದೇ ಎಂದು ಗುರುತಿಸುವುದು ಸುಲಭವಾಯಿತು. ಹೀಗೆ ಗುರುತಾದ ಪ್ರತಿ ತುಂಡು ನೆಲವನ್ನೂ ಅಲ್ಲಿಯವರು ಕ್ಲಿಮಾ ಎನ್ನುತ್ತಾರೆ. ಹವಾಮಾನಕ್ಕೂ ತೋಟಕ್ಕೂ ಒಂದೇ ಪದ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅಂಥ 1,247 ಕ್ಲಿಮಾಗಳ ಲೆಕ್ಕ ಕೊಡಲಾಗಿತ್ತು.

ಆದರೂ ಆ ಗೆರೆಗಳನ್ನು ಕಣ್ಣುಮುಚ್ಚಿ ನಂಬಬಾರದು. ಅದೇ ಸನ್ಯಾಸಿಗಳು ಗೋಡೆ ಕಟ್ಟಿದ ಕ್ಲೋ ದ ವೂಜೋ ಸುಮಾರು 50 ಹೆಕ್ಟೇರಿನ ತೋಟ. ಮೇಲಿನ ಭಾಗದಲ್ಲಿ ಸುಣ್ಣಕಲ್ಲಿನ ಮೇಲೆ ತೆಳುವಾದ ಮಣ್ಣು, ಹೆದ್ದಾರಿಗೆ ತಾಗಿದ ಕೆಳಭಾಗದಲ್ಲಿ ನೀರು ನಿಲ್ಲುವ ಆಳವಾದ ಜೇಡಿ. ಗೋಡೆಯೊಳಗಿದೆ ಎಂಬ ಕಾರಣಕ್ಕೆ ಎಲ್ಲಕ್ಕೂ ಗ್ರಾಂ ಕ್ರೂ ದರ್ಜೆ. ಈಗ ಸುಮಾರು 80 ಒಡೆಯರು ಅದನ್ನು ಹಂಚಿಕೊಂಡಿದ್ದಾರೆ. ಬಾಟಲಿಯ ಮೇಲೆ ಒಂದೇ ಹೆಸರು, ಒಳಗಿನ ವೈನ್ ಎಂಬತ್ತು ಥರ. ಒಡೆಯರ ಕೈಗುಣವೂ ಅದರಲ್ಲಿ ಸೇರಿದೆ. ಬಳ್ಳಿಗೆ ಎಷ್ಟು ಗೊಂಚಲು ಬಿಟ್ಟರು, ಯಾವ ದಿನ ಕೊಯ್ದರು ಎಂಬುದು ಒಳ್ಳೆಯ ನೆಲವನ್ನು ಕೆಡಿಸಬಲ್ಲದು, ಸಾಧಾರಣ ನೆಲವನ್ನು ತಕ್ಕಮಟ್ಟಿಗೆ ಎತ್ತಬಲ್ಲದು. ನನ್ನನ್ನು ಕೇಳಿದರೆ ತೋಟದ ಹೆಸರಿನಷ್ಟೇ ಗಮನವನ್ನು ಬೆಳೆದವರ ಹೆಸರಿಗೂ ಕೊಡಬೇಕು.

ಆ ಗೆರೆಗಳ ಕೆಳಗಿನ ಹವೆ ಈಗ ಸರಿಯುತ್ತಿದೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ ಕೊಯ್ಲು ಯಾವತ್ತು ಶುರುವಾಯಿತು ಎಂಬ ದಾಖಲೆ 1354ರಿಂದ ಸಿಗುತ್ತದೆ. ಕೂಲಿಗಳಿಗೆ ಕೊಟ್ಟ ಸಂಬಳದ ಲೆಕ್ಕ, ಪುರಸಭೆಯ ನಿರ್ಣಯಗಳು, ಪತ್ರಿಕೆಗಳು ಇವನ್ನೆಲ್ಲ ಹುಡುಕಿ 2018ರವರೆಗಿನ 664 ವರ್ಷದ ಸರಣಿಯನ್ನು ಇತಿಹಾಸಕಾರರೂ ಹವಾಮಾನ ತಜ್ಞರೂ ಕೂಡಿ 2019ರಲ್ಲಿ ಪ್ರಕಟಿಸಿದರು. 1987ರವರೆಗೆ ಕೊಯ್ಲಿನ ಸರಾಸರಿ ದಿನ ಸೆಪ್ಟೆಂಬರ್ 28. 1988ರಿಂದೀಚೆಗೆ ಅದು 13 ದಿನ ಮುಂಚೆ. 2020ರಲ್ಲಂತೂ ಅನೇಕರು ಆಗಸ್ಟಿನಲ್ಲೇ ಕತ್ತರಿ ಹಿಡಿದರು. ಹದಿಮೂರು ದಿನವೆಂದರೆ ಕೊಯ್ಲು ಮುಂಚೆ ಬಂದದ್ದಷ್ಟೇ ಅಲ್ಲ. ಹಣ್ಣು ಕೊನೆಯ ಹದಕ್ಕೆ ಬರುವ ವಾರಗಳು ಸೆಪ್ಟೆಂಬರಿನ ತಂಪು ರಾತ್ರಿಗಳಿಂದ ಆಗಸ್ಟಿನ ಬಿಸಿ ರಾತ್ರಿಗಳಿಗೆ ಜಾರಿವೆ. ಸಕ್ಕರೆಯ ಗಡಿಯಾರ ಮುಂದೆ ಓಡುತ್ತಿದೆ.

ಹಿಮದ ಕಾಟ ಇದರಿಂದ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. 2021ರ ಮಾರ್ಚ್ ಕೊನೆಯ ಬೆಚ್ಚನೆ ದಿನಗಳಲ್ಲಿ ಬಳ್ಳಿಗಳು ಬೇಗ ಚಿಗುರಿದವು, ಏಪ್ರಿಲ್ ಆರಂಭದ ಕೆಲವೇ ರಾತ್ರಿಗಳ ಹಿಮಕ್ಕೆ ಆ ಚಿಗುರು ಬಹಳಷ್ಟು ಕರಕಲಾಯಿತು. ಬೇಗ ಚಿಗುರುವ ಶಾರ್ಡನೆಗೆ ಹೆಚ್ಚು ಪೆಟ್ಟು ಬಿತ್ತು.

ಮೋಂರಾಶೆ ಗುಡ್ಡದ ಬೆನ್ನಿಗೆ ಸೇಂತೋಬಾಂ ಎಂಬ ಹಳ್ಳಿಯಿದೆ, ಒಂದು ಪಕ್ಕದ ಕಣಿವೆಯೊಳಗೆ, ಇನ್ನೂ ಎತ್ತರದಲ್ಲಿ. ಒಂದು ಕಾಲಕ್ಕೆ ಅಲ್ಲಿನ ವೈನನ್ನು ತೆಳು, ಹುಳಿ ಎಂದು ಬದಿಗಿಡುತ್ತಿದ್ದರು, ಚಳಿಗೆ ಹಣ್ಣು ಹದಕ್ಕೇ ಬರುತ್ತಿರಲಿಲ್ಲ. ಈಗ ಶಾರ್ಡನೆ ಅಲ್ಲಿ ವರ್ಷ ವರ್ಷವೂ ಚೆನ್ನಾಗಿ ಮಾಗುತ್ತದೆ, ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಕೆಳಗಿನ ಹೆಸರಾಂತ ತೋಟಗಳಲ್ಲಿ ಮೊದಲು ಬಿಸಿಲಿಗಾಗಿ ಗೊಂಚಲಿನ ಸುತ್ತ ಎಲೆ ಕೀಳುತ್ತಿದ್ದವರು ಈಗ ಪಶ್ಚಿಮದ ಕಡೆಯ ಎಲೆಗಳನ್ನು ನೆರಳಿಗೆಂದು ಹಾಗೇ ಬಿಡುತ್ತಿದ್ದಾರೆ. 1930ರ ದಶಕದಲ್ಲಿ ಕಾನೂನು ಎಳೆದ ಗ್ರಾಂ ಕ್ರೂ ಗೆರೆಗಳು ಮಾತ್ರ ಬಹುಮಟ್ಟಿಗೆ ಅಲ್ಲೇ ಇವೆ, ಶೆವಾಲಿಯೆಯ ಮೇಲಂಚಿನ ಕುರುಚಲು ಗಿಡಗಳ ಕೆಳಗೆ.